ಗಾಡಿಮನೆಗೆ ಚಪ್ಪರ ಕಟ್ಟಿದ ಸಾಹೇಬರು

ಅವರ ಬಾಯಲ್ಲಿ ಯಾವಾಗಲೂ ಸ್ಕ್ರೂಗಳಿರುತ್ತಿದ್ದವು. ಬೇರೆಯವರು ಎಲೆಅಡಿಕೆ ಇಟ್ಟುಕೊಳ್ಳುವ ಜಾಗದಲ್ಲಿ, ಬಲಗೆನ್ನೆಯ ಒಳಗೆ, ಸಣ್ಣ ಸ್ಟೀಲಿನ ಸ್ಕ್ರೂಗಳ ಒಂದು ಉಂಡೆ. ಏಣಿಯ ಮೇಲೆ ನಿಂತು, ಒಂದೊಂದನ್ನೇ ನಾಲಿಗೆಯಿಂದ ತುಟಿಗೆ ತಂದು, ತುಟಿಯಿಂದ ಬೆರಳಿಗೆ ತೆಗೆದು ಬಿಗಿಯುತ್ತಿದ್ದರು. ಅಷ್ಟು ಹೊತ್ತೂ ಮಾತು ನಿಲ್ಲುತ್ತಿರಲಿಲ್ಲ. ಮಾತು ಬಿರುಸಾದಾಗ ಸ್ಕ್ರೂಗಳು ಬಲಗೆನ್ನೆಯಿಂದ ಎಡಗೆನ್ನೆಗೆ ದಾಟುತ್ತಿದ್ದವು. ಆಗ ಮದರಂಗಿ ಹಚ್ಚಿದ ಆ ಕೆಂಪು ಗಡ್ಡದ ಒಳಗಿನಿಂದ ಗೆಜ್ಜೆಯಂಥ ಸದ್ದು ಬರುತ್ತಿತ್ತು. ಎಂದಾದರೂ ಒಂದನ್ನು ನುಂಗಿದ್ದುಂಟೇ ಎಂದು ಒಮ್ಮೆ ಕೇಳಿದ್ದೆ. "ನುಂಗಿದ್ರೆ ಎಂತ ಅಕ್ಕ? ಸ್ಟೇನ್‌ಲೆಸ್ ಸ್ಟೀಲು. ತುಕ್ಕು ಹಿಡಿಯುವುದಿಲ್ಲ" ಎಂದರು.

ನೀವು ಅವರನ್ನು ಶೇಡ್ ಅಂಕಲ್ ಎನ್ನುತ್ತಿದ್ದಿರಿ, ಮಕ್ಕಳೇ. ನಿಮ್ಮಪ್ಪ ಭಾಯ್ ಎನ್ನುತ್ತಿದ್ದರು. ನಾನು ಸಾಹೇಬರು ಎನ್ನುತ್ತಿದ್ದೆ. ಮೂಲ್ಕಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಬ್ಯಾರಿ ಮುಸ್ಲಿಮರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ. ಅವರ ವಿಷಯ ನೀವು ಎಷ್ಟೋ ಸಲ ಕೇಳಿದ್ದೀರಿ. ನಾನು ಹೇಳಲು ಹೊರಟು, ಮುಖ್ಯವಾದ ಜಾಗಕ್ಕೆ ಬಂದಾಗ ನಾಚಿಕೆಯಾಗಿ ಎದ್ದು ಹೋಗುತ್ತಿದ್ದೆ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲವಲ್ಲ, ಅದಕ್ಕೆ ಇಲ್ಲಿ ಪೂರ್ತಿ ಬರೆಯುತ್ತೇನೆ. ಕನ್ನಡ ಓದಲು ಕಷ್ಟವಾದರೆ ನಿಮ್ಮಮ್ಮ ಓದಿ ಹೇಳಲಿ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ದುಬೈಯ ಮಿರ್ದಿಫ್‌ನ ನಿಮ್ಮ ಮನೆಗೆ ಬಂದೆ. ಬಂದ ಮೊದಲ ಚಳಿಗಾಲದಲ್ಲೇ ನಿಮ್ಮಪ್ಪ ಆ ಗಾಡಿಮನೆಯನ್ನು ಕೊಂಡರು. ದುಬೈ ಬಿಟ್ಟು ತಮ್ಮ ದೇಶಕ್ಕೆ ಹೊರಟಿದ್ದ ಒಬ್ಬರಿಂದ ಸಿಕ್ಕಿದ್ದು. ನೀವು ಅದನ್ನು ಕ್ಯಾರವಾನ್ ಎಂದಿರಿ. ಅಡಿಗೆಯ ಒಲೆ, ಮಂಚ, ಕಕ್ಕಸು ಎಲ್ಲ ಇರುವ ಉದ್ದನೆಯ ಗಾಡಿ. ಗುಂಡಿ ಒತ್ತಿದರೆ ಅದರ ಒಂದು ಬದಿ ಮೇಜಿನ ಡ್ರಾಯರ್‌ನಂತೆ ಹೊರಕ್ಕೆ ಜಾರಿ, ಒಂದು ಮಂಚ ಹಿಡಿಸುವ ಕೋಣೆಯಾಗುತ್ತಿತ್ತು. ಇನ್ನೊಮ್ಮೆ ಒತ್ತಿದರೆ ಒಳಕ್ಕೆ. ಆ ಡ್ರಾಯರನ್ನು ನಾವು ಪೆಟ್ಟಿಗೆ ಎಂದೆವು. ಪೆಟ್ಟಿಗೆಯ ಮಂಚ ಅಜ್ಜಿಗೆ ಎಂದು ನೀವೇ ತೀರ್ಮಾನ ಮಾಡಿದಿರಿ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದಕ್ಕೂ ಬಾಯಿ ಬರುತ್ತಿರಲಿಲ್ಲ.

ಮೊದಲ ಪ್ರವಾಸ ಲಿವಾದ ಮರಳುಗಾಡಿಗೆ. ಇಡೀ ರಾತ್ರಿ ಗಾಳಿ ಬೀಸಿ, ಹೊರಗೆ ಚಾಚಿಕೊಂಡಿದ್ದ ಪೆಟ್ಟಿಗೆಯ ತಲೆಯ ಮೇಲೆ ಮರಳು ಕೂತಿತ್ತು. ಮೇಲಿಂದ ಇಬ್ಬನಿ ಬಿದ್ದು ಅದು ಒದ್ದೆಯಾಗಿತ್ತು. ಬೆಳಗ್ಗೆ ನಿಮ್ಮಪ್ಪ ಗುಂಡಿ ಒತ್ತಿದರು. ಪೆಟ್ಟಿಗೆ ಒಳಗೆ ಬಂತು, ಅದರ ತಲೆಯ ಮೇಲಿದ್ದ ಮರಳೂ ಒಳಗೆ ಬಂತು. ನನ್ನ ಹಾಸಿಗೆಗೆ ಒಂದು ಪಾಲು, ನನ್ನ ತಲೆಗೆ ಒಂದು ಪಾಲು, ಒಲೆಯ ಮೇಲಿದ್ದ ಗಂಜಿಗೆ ಒಂದು ಪಾಲು. ನೀವು ಚಪ್ಪಾಳೆ ತಟ್ಟಿದಿರಿ. ನಿಮ್ಮಪ್ಪ ತಮ್ಮ ದಾವಣಗೆರೆ ಮಾತಿನಲ್ಲಿ ನನ್ನನ್ನು ಸಮಾಧಾನ ಮಾಡಿದರು: "ಚಿಂತಿ ಮಾಡ್ಬೇಡ್ರಿ ಅತ್ತೆ. ಪೆಟ್ಟಿಗಿ ಮ್ಯಾಲೆ ಒಂದು ಶೇಡ್ ಹಾಕಿಸ್ತೀನಿ. ಪೆಟ್ಟಿಗಿ ಹೊರಗ ಹೋದ್ರೆ ಬಟ್ಟೆ ಬಿಚ್ಕೊಳ್ತದ, ಒಳಗ ಬಂದ್ರೆ ಸುತ್ಕೊಳ್ತದ. ಮರಳೆಲ್ಲ ಹೊರಗೇ ಉದುರ್ತದ."

ಹಾಗೆ ಬಂದವರು ಸಾಹೇಬರು. ಜೆಬೆಲ್ ಅಲಿ ಕಡೆಯ ಒಂದು ವರ್ಕ್‌ಶಾಪಿನವರು. ಅಲ್ಲಿ ಕಾರು ನಿಲ್ಲಿಸುವ ಜಾಗಗಳಿಗೆ ನೆರಳಿನ ಬಟ್ಟೆ ಹಾಕುವುದು ಅವರ ಕೆಲಸ. ವಯಸ್ಸು ಅರವತ್ತರ ಮೇಲೆ. ಗಾಡಿಮನೆಯ ಸುತ್ತ ಒಂದು ಸುತ್ತು ಬಂದು, ಪೆಟ್ಟಿಗೆಯನ್ನು ಅಂಗೈಯಿಂದ ತಟ್ಟಿ, "ಖಲಾಸ್!" ಎಂದರು. ಕೆಲಸ ಮುಗಿದಾಗ ಹೇಳುವ ಮಾತನ್ನು ಅವರು ಶುರುವಿಗೇ ಹೇಳುವವರು. ಜೇಬಿನಲ್ಲಿ ಅಳತೆಯ ಟೇಪು ಇತ್ತು. ಆದರೂ ಗೇಣಿನಲ್ಲಿ ಅಳೆದು, ಆಮೇಲೆ ಗೇಣು ಸುಳ್ಳು ಹೇಳಿತೋ ಎಂದು ಟೇಪಿನಲ್ಲಿ ನೋಡಿ, ಎರಡೂ ಬೇರೆ ಬೇರೆ ಬಂದರೆ ಟೇಪನ್ನು ಬೈಯುತ್ತಿದ್ದರು.

ನಾನು ಹೊರಗೆ ಹೋಗಲಿಲ್ಲ. ಗಂಡಸರು ಕೆಲಸಕ್ಕೆ ಬಂದರೆ ಅಡಿಗೆಮನೆಯಲ್ಲೇ ಉಳಿಯುವುದು ನನ್ನ ಅಭ್ಯಾಸ. ಕಿಟಕಿಯ ಹೊರಗೆ ಒಣಗಲು ಹಾಕಿದ್ದ ಸಂಡಿಗೆಯ ಮೇಲೆ ಒಂದು ಮೈನಾ ಬಂದು ಕೂತಿತು. ಯಾರಿಗೂ ಕೇಳದಂತೆ ಎಂದುಕೊಂಡು "ಪೋಲ ಅಂಚಿ!" ಆಚೆ ಹೋಗು ಎಂದು ಗದರಿದೆ.

ಏಣಿಯ ಮೇಲಿಂದ ದೊಡ್ಡ ಸ್ವರ ಬಂತು. "ಓ ಅಕ್ಕಾ! ಇಲ್ಲಿಯ ಮೈನಾಗಳಿಗೆ ತುಳು ಎಲ್ಲಿ ಬರ್ತದೆ? ಯಲ್ಲಾ ಹೇಳಿ, ಯಲ್ಲಾ! ನಡಿ ಅಂತ!"

ಮೈನಾ ನನಗೆ ಹೆದರದೆ ಅವರ ಸ್ವರಕ್ಕೆ ಹೆದರಿ ಹಾರಿಹೋಯಿತು. "ನೋಡಿದ್ರಾ? ಅರಬ್ಬಿ ಹಕ್ಕಿ" ಎಂದರು.

ಅಲ್ಲಿಂದ ಮುಂದೆ ಅವರು ಏಣಿಯ ಮೇಲಿಂದ ಅಡಿಗೆಮನೆಯ ಕಿಟಕಿಯೊಡನೆ ಮಾತಾಡತೊಡಗಿದರು. ಅವರಿಗೆ ನಾನು ಕಾಣುತ್ತಿರಲಿಲ್ಲ. ನನಗೆ ಅವರ ಚಪ್ಪಲಿ ಮಾತ್ರ ಕಾಣುತ್ತಿತ್ತು. ಅಲ್ ನಹ್ದಾದ ತಮ್ಮ ರೂಮಿನಲ್ಲಿ ಎಷ್ಟು ಜನ, ಅವರಲ್ಲಿ ಯಾರು ಗೊರಕೆ ಹೊಡೆಯುತ್ತಾರೆ, ಯಾರು ಗೊರಕೆ ಹೊಡೆದು ಇಲ್ಲ ಎಂದು ವಾದಿಸುತ್ತಾರೆ, ಬಂಗುಡೆಗೆ ಇಲ್ಲಿ ಯಾಕೆ ರುಚಿ ಇಲ್ಲ, ಎಲ್ಲ ಹೇಳಿದರು. ನಾನು ಉತ್ತರ ಕೊಡಲಿಲ್ಲ. ಆದರೆ ಅವರ ಮಾತು ಸರಿ ಎನಿಸಿದರೆ ಪಾತ್ರೆಯನ್ನು ಮೆಲ್ಲಗೆ ಇಡುತ್ತಿದ್ದೆ, ಅತಿಯಾಯಿತು ಎನಿಸಿದರೆ ಸ್ವಲ್ಪ ಜೋರಾಗಿ. ಅವರಿಗೆ ಅದು ಬೇಗ ಅರ್ಥವಾಯಿತು. "ಒಳ್ಳೇದು ಅಕ್ಕ, ಆ ಮಾತು ವಾಪಸ್ ತಗೊಂಡೆ" ಎನ್ನುತ್ತಿದ್ದರು.

ಇನ್ನೊಂದು ದಿನ ಬಟ್ಟೆಯನ್ನೂ, ಅದನ್ನು ಸುತ್ತುವ ಉದ್ದನೆಯ ಕೊಳವೆಯನ್ನೂ ತಂದು ಇಳಿಸಿದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಿಟಕಿಯ ಹತ್ತಿರ ಬಂದು ಸ್ಕ್ರೂಗಳನ್ನು ಅಂಗೈಗೆ ಉಗಿದರು. ಅವರು ಸ್ಕ್ರೂ ತೆಗೆದು ಮಾತಾಡಿದ್ದು ಅದೇ ಮೊದಲು.

"ಅಕ್ಕ, ಒಂದು ಗುಟ್ಟು ಉಂಟು. ಏರೆಗ್ಲಾ ಪನೊಡ್ಚಿ. ಯಾರಿಗೂ ಹೇಳ್ಬಾರ್ದು. ನೀವು ಮಾತೇ ಆಡುವುದಿಲ್ಲ ಅಂತ ನಿಮ್ಮತ್ರ ಹೇಳ್ತಿದ್ದೇನೆ."

ನಾನು ಪಾತ್ರೆ ಕೆಳಗಿಟ್ಟೆ.

"ನಮ್ಮ ಮುದೀರ್, ಅಂದ್ರೆ ಮ್ಯಾನೇಜರ್, ಎಲ್ಲರನ್ನೂ ನಿಲ್ಲಿಸಿ ಹೇಳಿದ್ದಾನೆ. ಕಾರ್ ಶೇಡ್ ಕೆಲಸ ಈಗ ಕಡಿಮೆ. ಇನ್ನು ಕ್ಯಾರವಾನಿಗೆ ಬಟ್ಟೆ ಹಾಕ್ಲಿಕ್ಕೆ ಗೊತ್ತಿದ್ದವನಿಗೆ ಮಾತ್ರ ವೀಸಾ ರಿನ್ಯೂ. ಉಳಿದವರು ಖಲಾಸ್, ಊರಿಗೆ. ನಾನು ಕೈ ಎತ್ತಿದೆ. ತುಂಬಾ ಮಾಡಿದ್ದೇನೆ ಅಂತ ಹೇಳಿದೆ. ಈ ಕೆಲಸ ಮುಗಿದ ದಿನ ಅವನೇ ಬಂದು ನೋಡ್ತಾನಂತೆ."

"ಎಷ್ಟು ಮಾಡಿದ್ದೀರಿ?" ಎಂದು ಕೇಳಿದೆ. ಅವರೊಡನೆ ನಾನು ಆಡಿದ ಮೊದಲ ಮಾತು ಅದು.

"ಇದು ಸೇರಿದ್ರೆ ಒಂದು."

ನನಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ. ಆಮೇಲೆ, ಈ ವಯಸ್ಸಿನಲ್ಲಿ ಊರಿಗೆ ಹೋದರೆ ಏನು ತೊಂದರೆ, ಹೆಂಡತಿ ಮಕ್ಕಳು ಇದ್ದಾರಲ್ಲ ಎಂದೆ. ಅವರು ಏಣಿಯ ಕಡೆ ನೋಡಿದರು.

"ಇದ್ದಾರೆ ಅಕ್ಕ. ಎಲ್ಲ ಚೆನ್ನಾಗಿಯೇ ಉಂಟು. ಆದ್ರೆ ನಾನು ಅಲ್ಲಿ ಯಾರು? ರಜೆಗೆ ಹೋದ್ರೆ ಒಂದು ಕುರ್ಚಿ ಕೊಡ್ತಾರೆ. ಮನೆ ನಡೆಸುವವಳು ಅವಳು. ಮಕ್ಕಳಿಗೆ ಅವರವರ ಕೆಲಸ. ನಾನು ಬಾಯಿ ತೆಗೆಯುವ ಮೊದಲೇ ಎಲ್ಲ ತೀರ್ಮಾನ ಆಗಿರ್ತದೆ. ಏಣಿ ಮೇಲೆ ನಿಂತ್ರೆ ಮಾತ್ರ ಜನ ನನ್ನ ಮಾತು ಕೇಳುವುದು. ತಲೆ ಎತ್ತಿ ಕೇಳ್ತಾರೆ."

ಒಂದು ತಟ್ಟೆಯಲ್ಲಿ ಕುಚ್ಚಲಕ್ಕಿ ಗಂಜಿ, ಮಾವಿನ ಉಪ್ಪಿನಕಾಯಿ ಹಾಕಿ ಕಿಟಕಿಯಿಂದ ಹೊರಗಿಟ್ಟೆ. ಅವರು ಅದನ್ನು ಏಣಿಯ ಮೂರನೆಯ ಮೆಟ್ಟಿಲಿನಲ್ಲಿ ಕೂತು ಉಂಡರು.

ಬಟ್ಟೆ ಹಾಕುವ ದಿನ ಶನಿವಾರ. ನಿಮ್ಮಮ್ಮ ನಿಮ್ಮನ್ನು ಈಜಿನ ತರಗತಿಗೆ ಕರೆದುಕೊಂಡು ಹೋಗಿದ್ದಳು. ನಿಮ್ಮಪ್ಪ ಒಳಗೆ ಫೋನಿನಲ್ಲಿದ್ದರು. ಪೆಟ್ಟಿಗೆಯನ್ನು ಹೊರಕ್ಕೆ ಚಾಚಿ, ಅದರ ಹೊರಗಿನ ಅಂಚಿಗೆ ಕೊಳವೆಯನ್ನು ಕೂರಿಸಿ ಆಗಿತ್ತು. ಇನ್ನು ಬಟ್ಟೆಯ ತುದಿಯನ್ನು ಗಾಡಿಯ ಗೋಡೆಯ ಪಟ್ಟಿಯೊಳಗೆ ತೂರಿಸಬೇಕು.

"ಅಕ್ಕ, ಹೊರಗೆ ಬನ್ನಿ. ಮೊದಲ ತುದಿ ಹಿಡೀಬೇಕು."

ಸಾಹೇಬರು ಹುಡುಗರಾಗಿದ್ದಾಗ ನಮ್ಮ ಕಡೆಯ ಒಬ್ಬ ಚಪ್ಪರದ ಮೇಸ್ತ್ರಿಯ ಕೈಕೆಳಗೆ ಪಳಗಿದವರು. ಮದುವೆಯ ಚಪ್ಪರ ಹಾಕುವಾಗ ಮೊದಲ ಕಂಬ ನಿಲ್ಲಿಸುವ ಮುನ್ನ ಮನೆಯ ಹಿರಿಯ ಹೆಂಗಸನ್ನು ಕರೆದು ಮುಟ್ಟಿಸುವುದು ಆ ಮೇಸ್ತ್ರಿಯ ಪದ್ಧತಿ. ಸಾಹೇಬರು ಅದನ್ನು ದುಬೈಗೂ ತಂದಿದ್ದರು. ಮಾಲ್‌ಗಳ ಕಾರ್ ಪಾರ್ಕಿಂಗ್‌ನಲ್ಲಿ ಹಿರಿಯ ಹೆಂಗಸು ಸಿಗದಿದ್ದರೆ ಕಾವಲುಗಾರನನ್ನು ಕರೆದು ಮುಟ್ಟಿಸುತ್ತಿದ್ದರಂತೆ.

ನಾನು ಬಾಗಿಲಲ್ಲೇ ನಿಂತೆ. "ನಾನು ಹಿಡಿಯಬಾರದು ಸಾಹೇಬ್ರೆ. ನನ್ನ ಯಜಮಾನರು ಹೋಗಿದ್ದಾರೆ. ಇಂಥದ್ದಕ್ಕೆ ಮುತ್ತೈದೆಯರು ಬೇಕು. ಮಗಳು ಬರಲಿ."

ನಿಮಗೆ ಇದು ವಿಚಿತ್ರವಾಗಿ ಕಾಣಬಹುದು. ಅಜ್ಜ ಹೋದ ಮೇಲೆ ಊರಲ್ಲಿ ಯಾರೂ ನನ್ನನ್ನು ಬಾಯಿಬಿಟ್ಟು ದೂರ ಇಟ್ಟವರಲ್ಲ. ಆದರೆ ಮದುವೆ ಮನೆಗಳಲ್ಲಿ ಆರತಿ ತಟ್ಟೆ ನನ್ನ ಕೈಗೆ ಬರುವ ಮೊದಲು ಬೇರೆ ಕಡೆಗೆ ತಿರುಗುತ್ತಿತ್ತು. ಅದು ತಿರುಗುವ ಮೊದಲೇ ನಾನೇ ಹಿಂದೆ ಸರಿಯುವುದನ್ನು ಕಲಿತಿದ್ದೆ.

ಸಾಹೇಬರು ಏಣಿಯ ಮೇಲೆ ಬಟ್ಟೆ ಹಿಡಿದುಕೊಂಡೇ ಹೇಳಿದರು. "ಹಿಡಿದವರಿಗೆ ಗಂಡ ಉಂಟಾ ಇಲ್ವಾ ಅಂತ ಬಟ್ಟೆಗೆ ಹೇಗೆ ಗೊತ್ತಾಗ್ತದೆ ಅಕ್ಕ? ಕೈ ಗಟ್ಟಿ ಉಂಟಾ ಇಲ್ವಾ ಅಂತ ಮಾತ್ರ ಗೊತ್ತಾಗ್ತದೆ. ಬನ್ನಿ, ಬನ್ನಿ, ನನ್ನ ತೋಳು ನೋಯ್ತದೆ."

ತೋಳು ನೋಯುತ್ತದೆ ಎಂದರೆ ಹೋಗದಿರಲು ಆಗುತ್ತದೆಯೇ? ಹೋದೆ. ಬಟ್ಟೆಯ ತುದಿ ಹಿಡಿದೆ. ದಪ್ಪನೆಯ ಬೂದು ಬಣ್ಣದ ಬಟ್ಟೆ, ಬಿಸಿಲಿಗೆ ಬಿಸಿಯಾಗಿತ್ತು. ಸಾಹೇಬರು ಬಿಸ್ಮಿಲ್ಲಾ ಎಂದರು. ನಾನು ಮನಸ್ಸಿನಲ್ಲೇ ಗಣಪತಿಯನ್ನು ನೆನೆದೆ. ಬಟ್ಟೆ ಪಟ್ಟಿಯೊಳಗೆ ಸರಸರನೆ ಹೋಯಿತು.

ಇನ್ನು ಅವರು ಮಾಡಿದ ತಪ್ಪು. ಆ ಕೊಳವೆಯ ಒಳಗೆ ಒಂದು ಸ್ಪ್ರಿಂಗ್ ಇರುತ್ತದೆ. ಪೆಟ್ಟಿಗೆ ಒಳಗೆ ಬಂದಾಗ ಬಟ್ಟೆಯನ್ನು ಸುತ್ತಿಕೊಳ್ಳುವುದು ಅದೇ. ಸ್ಪ್ರಿಂಗಿಗೆ ಹದವಾಗಿ ಕೆಲವು ಸುತ್ತು ಕೊಟ್ಟು ಬಿಡಬೇಕು. ಆದರೆ ಚಪ್ಪರದವರಿಗೆ ಸಡಿಲ ಎಂದರೆ ಅವಮಾನ. "ನನ್ನ ಗುರುಗಳ ಚಪ್ಪರದ ಮೇಲೆ ಕೋಳಿ ನಡೆದ್ರೆ ಡೋಲಿನ ಸದ್ದು ಬರ್ಬೇಕು" ಎನ್ನುತ್ತಾ ಅವರು ಸುತ್ತಿದರು, ಸುತ್ತಿದರು, ಹಲ್ಲು ಕಚ್ಚಿ ಮತ್ತೂ ಸುತ್ತಿದರು. ಬಟ್ಟೆ ಎಳೆದು ನಿಂತಿತು. ಬೆರಳಿನಿಂದ ಬಡಿದು ನನಗೆ ಕೇಳಿಸಿದರು. ನಿಜವಾಗಿಯೂ ಡೋಲೇ.

"ಅಕ್ಕ, ನೀವು ಒಳಗೆ ಹೋಗಿ ಮಂಚದ ಮೇಲೆ ಕೂತ್ಕೊಳ್ಳಿ. ಮೇಲೆ ಎಲ್ಲಾದ್ರೂ ಬೆಳಕು ಕಂಡ್ರೆ ಹೇಳಿ. ಬೆಳಕು ಬಂದ್ರೆ ಮರಳೂ ಬರ್ತದೆ."

ಹೋಗಿ ಕೂತೆ. ನಿಮ್ಮಪ್ಪ ಬಂದು ಗುಂಡಿ ಒತ್ತಿದರು. ಸ್ಪ್ರಿಂಗು ಹಿಡಿದು ಎಳೆಯುತ್ತಿತ್ತಲ್ಲ, ಪೆಟ್ಟಿಗೆ ತವರಿಗೆ ಹೊರಟ ಹುಡುಗಿಯಂತೆ ಒಂದೇ ಓಟಕ್ಕೆ ಒಳಗೆ ಬಂತು. ಒಂದು ಕಾಳು ಮರಳೂ ಬೀಳಲಿಲ್ಲ. ಸಾಹೇಬರು ಹೊರಗಿನಿಂದ ಖಲಾಸ್ ಎಂದು ಕೂಗಿದರು. ನಿಮ್ಮಪ್ಪ ಮತ್ತೆ ಗುಂಡಿ ಒತ್ತಿದರು. ಈಗ ಅದೇ ಹುಡುಗಿ ಗಂಡನ ಮನೆಗೆ ಮರಳಲಾರೆ ಎಂದು ಹಟ ಹಿಡಿದಳು. ಪೆಟ್ಟಿಗೆ ಅರ್ಧದವರೆಗೆ ಹೋಗಿ, ಗೊಂಯ್ ಎಂದು ನರಳಿ ನಿಂತುಬಿಟ್ಟಿತು.

ಪೆಟ್ಟಿಗೆ ಅರ್ಧ ಒಳಗಿದ್ದರೂ ಮಂಚದ ಕಾಲಿನ ತುದಿಗೂ ಎದುರಿನ ಕಪಾಟಿಗೂ ನಡುವೆ ತೂರಲು ಜಾಗವಿರುವುದಿಲ್ಲ. ಗಾಡಿಯ ಬಾಗಿಲು ಆಚೆಗೆ, ಗಾಡಿಯ ಕಕ್ಕಸೂ ಆಚೆಗೆ. ನಾನು ಈಚೆಗೆ, ಮಂಚದ ಮೇಲೆ, ಪಲ್ಲಕ್ಕಿಯಲ್ಲಿ ಕೂರಿಸಿದ ಉತ್ಸವಮೂರ್ತಿಯಂತೆ. ಕಿಟಕಿ ಒಂದು ಕೈ ತೂರುವಷ್ಟು ಮಾತ್ರ ತೆರೆಯುತ್ತಿತ್ತು.

"ಇನ್ನೊಮ್ಮೆ ಒತ್ತಿದ್ರೆ ಮೋಟರ್ ಸುಟ್ಟು ಹೋಗ್ತದ ಭಾಯ್" ಎಂದರು ನಿಮ್ಮಪ್ಪ. "ಭಾಳ ಟೈಟ್ ಆಗೇತಿ. ಒಂಚೂರು ಸಡಿಲ ಮಾಡ್ರಿ."

"ಸಡಿಲ ಮಾಡ್ಲಿಕ್ಕೆ ಆಗುದಿಲ್ಲ ಸಾರ್. ಸಡಿಲ ಬಿಟ್ಟ ಚಪ್ಪರ ನನ್ನ ಕೈಯಿಂದ ಆಗುದೇ ಇಲ್ಲ. ಸ್ವಲ್ಪ ಹೊತ್ತು ಬಿಡಿ. ಬಟ್ಟೆ ಬಿಸಿಲಿಗೆ ತಾನಾಗಿ ಹಿಗ್ತದೆ."

ಆ ಹೊತ್ತಿಗೆ ಗೇಟಿನ ಹೊರಗೆ ವರ್ಕ್‌ಶಾಪಿನ ಪಿಕಪ್ ಬಂದು ನಿಂತಿತು. ಮುದೀರ್ ಇಳಿದರು. ಪಾಲಕ್ಕಾಡಿನ ಕಡೆಯ ಮಲಯಾಳಿ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಎರಡು ಫೋನು. ಕಿಟಕಿಯಿಂದ ನನಗೆ ಸಾಹೇಬರ ಮುಖ ಹತ್ತಿರದಲ್ಲೇ ಕಾಣುತ್ತಿತ್ತು. ಗಡ್ಡದೊಳಗಿನ ಸದ್ದು ನಿಂತಿತ್ತು. ಅವರು ಸುಮ್ಮನಿದ್ದದ್ದನ್ನು ನಾನು ಮೊದಲು ಕಂಡದ್ದು ಆಗಲೇ. ಏಣಿಯ ಮೇಲೆ ನಿಂತಿದ್ದರೂ ಕುರ್ಚಿಯಲ್ಲಿ ಕೂತವರ ಹಾಗಿದ್ದರು.

ಮುದೀರ್ ಅರ್ಧ ನಿಂತ ಪೆಟ್ಟಿಗೆಯನ್ನು ನೋಡಿದರು. ಒಳಗಿದ್ದ ನನ್ನನ್ನು ನೋಡಿದರು. ಏನಾಯಿತು ಎಂದು ಹಿಂದಿಯಲ್ಲಿ ಕೇಳಿದರು. ನಿಮ್ಮಪ್ಪ ಸುಳ್ಳು ಹೇಳುವವರಲ್ಲ, ಬಾಯಿ ತೆರೆದರು. ಅವರಿಗಿಂತ ಮೊದಲು ನನ್ನ ಬಾಯಿ ಹೇಗೆ ತೆರೆಯಿತೋ ನನಗೆ ಇವತ್ತಿಗೂ ತಿಳಿಯದು.

"ಅವರದ್ದು ಎಂತದ್ದೂ ತಪ್ಪಿಲ್ಲ!" ಎಂದು ಕಿಟಕಿಯ ಸಂದಿಯಿಂದ ಕೂಗಿದೆ. "ನಾನೇ ನಿಲ್ಲಿಸ್ಲಿಕ್ಕೆ ಹೇಳಿದ್ದು. ನನಗೆ ತಲೆ ತಿರುಗ್ತದೆ. ನನಗೆ ಅರ್ಧ ಸಾಕು!"

ನಿಮ್ಮಪ್ಪ ನನ್ನ ಕಡೆ ತಿರುಗಿ ನಿಂತುಬಿಟ್ಟರು. ಮನೆಯಲ್ಲಿ ಉಪ್ಪು ಕಡಿಮೆಯಾದರೂ ಹೇಳದ ಅತ್ತೆ ಬೀದಿಗೆ ಕೇಳುವಂತೆ ಕೂಗಿದ್ದು ಅವರಿಗೆ ನಂಬಲಾಗಲಿಲ್ಲ.

ಸಾಹೇಬರಿಗೆ ಜೀವ ಬಂತು. ನನ್ನ ಮಾತನ್ನು ಮುದೀರ್‌ಗೆ ಮಲಯಾಳದಲ್ಲಿ ಹೇಳಿದರು. ನಾನು ಆಡಿದ್ದು ಒಂದು ಉಸಿರಿನಷ್ಟು, ಅವರು ಹೇಳಿದ್ದು ಒಂದು ಹರಿಕಥೆಯಷ್ಟು. ನನಗೆ ಅರ್ಥವಾದಷ್ಟರಲ್ಲಿ, ಅಮ್ಮನಿಗೆ ಎದೆ ಡವಗುಟ್ಟುತ್ತದೆ, ಊರಲ್ಲಿ ದೊಡ್ಡ ಡಾಕ್ಟರು ಜಾಗ್ರತೆ ಹೇಳಿದ್ದಾರೆ, ಕ್ಯಾರವಾನ್ ಕೆಲಸದಲ್ಲಿ ಬಟ್ಟೆಗಿಂತ ಮನುಷ್ಯರ ಎದೆ ಮುಖ್ಯ, ಅದಕ್ಕಾಗಿ ತಾನು ಕೈಮುಗಿದು ಮೋಟರ್ ನಿಲ್ಲಿಸಲು ಹೇಳಿದೆ, ಇಷ್ಟು ಇತ್ತು. ಮುದೀರ್ ನನ್ನತ್ತ ಬಹಳ ಗೌರವದಿಂದ ನೋಡಿ, "ಅಮ್ಮ, ನೋ ಟೆನ್ಶನ್. ಆರಾಮ್ ಸೇ ಬೈಠಿಯೆ. ನಮಗೆ ಅರ್ಜೆಂಟ್ ಇಲ್ಲ" ಎಂದು ಬಂದಷ್ಟು ಕನ್ನಡವನ್ನೂ ಸೇರಿಸಿ ಹೇಳಿ, ಬೇವಿನ ಮರದ ನೆರಳಿಗೆ ಕುರ್ಚಿ ಎಳೆದುಕೊಂಡರು. ನಿಮ್ಮಪ್ಪ ಚಹಾ ಮಾಡಲು ಒಳಗೆ ಹೋದರು.

ಇನ್ನು ಮುಂದಿನದೇ ನಾನು ಹೇಳಲಾಗದೆ ಎದ್ದುಹೋಗುತ್ತಿದ್ದ ಭಾಗ. ಆ ದಿನ ಬೆಳಗ್ಗೆ ಬಿಸಿಲು ಜೋರಿದೆ ಎಂದು ನಾನು ಮಜ್ಜಿಗೆ ಕುಡಿದಿದ್ದೆ. ಒಂದು ಲೋಟವಲ್ಲ.

ಮೊದಲು ಕಾಲು ಮಡಚಿ ಕೂತೆ. ಆಮೇಲೆ ಕಾಲು ಚಾಚಿ ಕೂತೆ. ನಿಮ್ಮಪ್ಪನಿಗೆ ಸಕ್ಕರೆ ಡಬ್ಬ ಎಲ್ಲಿದೆ ಎಂದು ಗೊತ್ತಿಲ್ಲ. ಅಡಿಗೆಮನೆಯಲ್ಲಿ ಅವರು ಒಂದೊಂದೇ ಡಬ್ಬದ ಮುಚ್ಚಳ ತೆಗೆದು ಹಾಕುವ ಸದ್ದು ಕೇಳುತ್ತಿತ್ತು. ಕಪಾಟಿನ ಎರಡನೆಯ ಹಲಗೆಯ ಮೂಲೆಯಲ್ಲಿ ಎಂದು ಕೂಗಿ ಹೇಳಲು ನನ್ನಲ್ಲಿ ತ್ರಾಣವಿರಲಿಲ್ಲ. ಚಹಾ ಬಂತು. ಮುದೀರ್ ಬಿಸಿ ಚಹಾ ಕುಡಿಯುವವರಲ್ಲ, ಊದಿ ಊದಿ ಕುಡಿಯುವವರು. ನಡುನಡುವೆ ನನ್ನತ್ತ ಕೈ ಬೀಸಿ ಆರಾಮ್, ಆರಾಮ್ ಎನ್ನುವರು. ನನಗೆ ಅರ್ಧ ಸಾಕು ಎಂದು ನಾನೇ ಹೇಳಿದ್ದೆನಲ್ಲ. ಈಗ ಯಾವ ಬಾಯಿಂದ ಬೇಡ ಎನ್ನಲಿ?

ಸಾಹೇಬರು ಏಣಿಯ ಮೇಲೆ ಬಟ್ಟೆ ಹಿಗ್ಗಲಿ ಎಂದು ಕಾಯುತ್ತಾ ನಿಂತಿದ್ದರು. ನಾನು ಕಿಟಕಿಯಿಂದ ಬೆರಳು ಹೊರಹಾಕಿ ಕರೆದೆ. ಅವರು ಬಗ್ಗಿದರು.

"ಸಾಹೇಬ್ರೆ" ಎಂದು ತುಳುವಿನಲ್ಲಿ ಪಿಸುಗುಟ್ಟಿದೆ. "ಇದನ್ನು ಸಡಿಲ ಮಾಡಿ."

"ಅಕ್ಕ, ಇನ್ನೊಂದು ಹತ್ತು ನಿಮಿಷ. ಡೋಲಿನ ಸದ್ದು ಹೋದ್ರೆ ಗುರುಗಳಿಗೆ ಎಂತ ಉತ್ತರ ಕೊಡ್ಲಿ?"

"ಗುರುಗಳಿಗೆ ಆಮೇಲೆ ಕೊಡಿ. ನನಗೆ ಹೊರಗೆ ಹೋಗ್ಬೇಕು."

"ಹೋಗುವಾ, ಹೋಗುವಾ. ಸ್ವಲ್ಪ ಗಾಳಿ..."

"ಸಾಹೇಬ್ರೆ. ನನಗೆ *ಹೊರಗೆ* ಹೋಗ್ಬೇಕು. ಈಗಲೇ."

ಅವರು ನನ್ನ ಮುಖ ನೋಡಿದರು. ಗಡ್ಡದ ಕೆಂಪು ಕಿವಿಯವರೆಗೆ ಏರಿತು. ಕೂಡಲೇ ಸ್ಪ್ಯಾನರ್ ಹಿಡಿದು, ಪಿನ್ನು ತೆಗೆದು, ಅಷ್ಟು ಹಟದಿಂದ ಸುತ್ತಿದ್ದ ಸ್ಪ್ರಿಂಗನ್ನು ಬಿಚ್ಚಿದರು. ಒಂದು ಸುತ್ತು ಬಿಟ್ಟು ನನ್ನ ಮುಖ ನೋಡುವರು, ಇನ್ನೊಂದು ಸುತ್ತು ಬಿಡುವರು. ಬಟ್ಟೆ ಮೆಲ್ಲಗೆ ಉಸಿರು ಬಿಟ್ಟಂತೆ ಇಳಿದು, ಸೆರಗಿನಂತೆ ಸ್ವಲ್ಪ ಜೋಲಿತು. "ಸಾರ್, ಬಟನ್! ಯಲ್ಲಾ, ಯಲ್ಲಾ!" ಎಂದು ಅವರು ಕೂಗಿದ ಕೂಗಿಗೆ ನಿಮ್ಮಪ್ಪ ಚಹಾ ಚೆಲ್ಲಿಕೊಂಡು ಓಡಿಬಂದರು. ಗುಂಡಿ ಒತ್ತಿದರು. ಪೆಟ್ಟಿಗೆ ಬೆಣ್ಣೆಯ ಮೇಲೆ ಜಾರಿ ಹೋದಂತೆ ಹೊರಗೆ ಹೋಯಿತು.

ನೀವು ಈಜಿ ಬಂದು ಗೇಟಿನಲ್ಲಿ ಇಳಿಯುತ್ತಿದ್ದಿರಿ. ಅಜ್ಜಿ ಸೀರೆ ಎತ್ತಿ ಹಿಡಿದು ಮುದೀರ್ ಮುಂದೆಯೇ ಮನೆಯೊಳಗೆ ಓಡಿದ್ದನ್ನು ನೀವು ನೋಡಿದಿರಿ. ಅಜ್ಜಿ ಯಾಕೆ ರೇಸ್ ಓಡಿದರು ಎಂದು ವಾರಗಟ್ಟಲೆ ಕೇಳಿದಿರಿ. ಇದೇ ಕಾರಣ.

ನಾನು ತಿರುಗಿ ಬರುವಷ್ಟರಲ್ಲಿ ಮುದೀರ್ ಪೆಟ್ಟಿಗೆಯ ಮೇಲಿನ ಬಟ್ಟೆಯನ್ನು ಕೈಯಿಂದ ಒತ್ತಿ ನೋಡುತ್ತಿದ್ದರು. ಇಷ್ಟು ಹದ ಸಡಿಲ ಇರಬೇಕು, ತಿಳಿಯದವರು ಬಿಗಿದು ಬಿಗಿದು ಮೋಟರ್ ಕೆಡಿಸುತ್ತಾರೆ, ಅನುಭವ ಎಂದರೆ ಇದು, ಎಂದು ನಿಮ್ಮಪ್ಪನಿಗೆ ಹೇಳುತ್ತಿದ್ದರು. ಸಾಹೇಬರು ಏಣಿಯ ತುತ್ತತುದಿಗೆ ಏರಿ ನಿಂತಿದ್ದರು. ಸ್ಕ್ರೂಗಳ ಸದ್ದು ಗಡ್ಡದೊಳಕ್ಕೆ ಮರಳಿತ್ತು.

"ನಾನು ಯಾವಾಗ್ಲೂ ಸ್ವಲ್ಪ ಸಡಿಲವೇ ಬಿಡುವುದು" ಎಂದರು ಅವರು. ನನ್ನ ಕಡೆ ಮಾತ್ರ ನೋಡಲಿಲ್ಲ.

ವೀಸಾ ರಿನ್ಯೂ ಆಯಿತು. ಒಂದು ಸಲವಲ್ಲ, ಮತ್ತೆ ಮತ್ತೆ ಆಯಿತು. ಅವರು ದುಬೈಯಲ್ಲೂ ಅಬುಧಾಬಿಯಲ್ಲೂ ಎಷ್ಟು ಗಾಡಿಮನೆಗಳಿಗೆ ಬಟ್ಟೆ ಹಾಕಿದರೋ, ಆ ಬಟ್ಟೆಗಳೆಲ್ಲ ಸ್ವಲ್ಪ ಜೋಲಿದವು. ಎಲ್ಲಿ ಹೋದರೂ ಮೊದಲ ತುದಿಗೆ ಮನೆಯ ಹಿರಿಯರನ್ನು ಕರೆಯುವುದು ಬಿಡಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ನನಗೆ ಫೋನ್ ಮಾಡಿ ವರದಿ ಒಪ್ಪಿಸುತ್ತಿದ್ದರು. ಅಬುಧಾಬಿಯಲ್ಲಿ ಒಬ್ಬ ಅರಬ್ಬಿ ಅಜ್ಜಿ ತುದಿ ಹಿಡಿದವರು ಬಿಡಲೇ ಒಪ್ಪದೆ, ಇಡೀ ಕೆಲಸಕ್ಕೆ ತಾವೇ ಮೇಸ್ತ್ರಿಯಾಗಿ ಸಾಹೇಬರನ್ನು ಬೈದು ದುಡಿಸಿದರಂತೆ. ಒಬ್ಬ ಬಿಳಿಯ ಮುದುಕ ಇದೇನೋ ಸುರಕ್ಷತೆಯ ನಿಯಮ ಎಂದುಕೊಂಡು ತಲೆಗೆ ಹೆಲ್ಮೆಟ್ ಹಾಕಿ ಬಂದು ಹಿಡಿದನಂತೆ. ಕೇಳುತ್ತಾ ಕೇಳುತ್ತಾ ನಾನೂ ಉತ್ತರ ಕೊಡುವುದನ್ನು ಕಲಿತೆ. ಒಮ್ಮೆ ನಾನೇ ಮಾತು ಮುಂದುವರಿಸಿದಾಗ, "ಅಕ್ಕ, ನನಗೆ ಕೆಲಸ ಉಂಟು, ಇಡಿ ಫೋನು" ಎಂದರು. ನನಗೆ ಅಂಥ ಬೈಗುಳ ಅದೇ ಮೊದಲು. ಎರಡು ದಿನ ಖುಷಿಯಲ್ಲಿದ್ದೆ.

ಕೊನೆಗೆ ಮಂಡಿ ಮಾತು ಕೇಳಲಿಲ್ಲ. ಏಣಿಯ ಎರಡನೆಯ ಮೆಟ್ಟಿಲಿಗೆ ನಿಲ್ಲುವುದೂ ಕಷ್ಟವಾಯಿತು. ಊರಿಗೆ ಹೊರಟರು. ಹೋಗುವ ಮುನ್ನ ಬಂದು ನಮ್ಮ ಪೆಟ್ಟಿಗೆಯ ಬಟ್ಟೆಯನ್ನು ನೆಲದಲ್ಲೇ ನಿಂತು ನೋಡಿ, ಬೇರೆ ಮಾತಿಲ್ಲದೆ ಹೋದರು. ಆಮೇಲೆ ಫೋನ್ ಕಡಿಮೆಯಾಯಿತು. ಮಾಡಿದರೂ ನಾನೇ ಮಾಡಬೇಕು, ಅವರು ಹೂಂ ಎನ್ನುವರು. ಹೋದ ಬೇಸಗೆಯಲ್ಲಿ ನಾನು ಊರಲ್ಲಿದ್ದಾಗ ಅವರ ಮಗನ ಫೋನ್ ಬಂತು. ಬಾಪ ಹೋದರು, ನಿಮ್ಮ ಹೆಸರು ಫೋನಿನಲ್ಲಿ ಮೊದಲಿಗೇ ಇತ್ತು, ಅದಕ್ಕೆ ತಿಳಿಸಿದೆ ಎಂದ.

ನಾನು ಮರುದಿನ ಬಸ್ಸು ಹತ್ತಿದೆ. ಒಬ್ಬಳೇ. ಸುರತ್ಕಲ್‌ನಲ್ಲಿ ಇಳಿದು, ಆಟೋದವನಿಗೆ ದಾರಿ ಹೇಳಿ, ನನ್ನ ಮುಖ ಕಂಡಿರದ ಜನರ ಮನೆಯ ಮೆಟ್ಟಿಲು ಹತ್ತಿದೆ. ಗಂಡ ತೀರಿದ ಹೆಂಗಸು ಕೆಲವು ತಿಂಗಳು ಒಳಗೇ ಇರುವುದು ಅವರಲ್ಲಿ ಪದ್ಧತಿ. ಅವರ ಹೆಂಡತಿ ಒಳಕೋಣೆಯಲ್ಲಿ ಹೆಂಗಸರ ನಡುವೆ ಕೂತಿದ್ದರು. ನಾನು ಯಾರೆಂದು ಹೇಳಿದೆ. ಅವರು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. "ನಿಮ್ಮ ಯಜಮಾನರ ಮಾತು ಕೇಳಿ ಕೇಳಿಯೇ ನಾನು ದುಬೈಯಲ್ಲಿ ಉಳಿದದ್ದು" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಇವರು ಅಲ್ಲಿ ಮಾತಾಡ್ತಿದ್ರಾ?"

"ಮಾತಾಡ್ತಿದ್ರಾ ಅಂತ ಕೇಳ್ತೀರಾ? ನಿಲ್ಲಿಸ್ತಿರ್ಲಿಲ್ಲ!"

"ಇಲ್ಲಿ ರಜೆಗೆ ಬಂದ್ರೆ ಕುರ್ಚಿಯಲ್ಲಿ ಕೂತ್ಕೊಳ್ಳುವುದು. ಕೇಳಿದ್ರೆ ಹೂಂ, ಇಲ್ಲದಿದ್ರೆ ಅದೂ ಇಲ್ಲ. ಮಾತು ಕಡಿಮೆಯ ಮನುಷ್ಯ ಅಂತಲೇ ನಾನು ಇಷ್ಟು ವರ್ಷ ಅಂದ್ಕೊಂಡಿದ್ದೆ." ಅವರು ನನ್ನ ಮಣಿಕಟ್ಟು ಹಿಡಿದರು. "ಎಂತ ಮಾತಾಡ್ತಿದ್ರು ಅಕ್ಕ? ಹೇಳಿ."

ಅಷ್ಟು ಜನರ ನಡುವೆ ನಾನು ಹೇಳತೊಡಗಿದೆ. ಮೈನಾದಿಂದ ಶುರು ಮಾಡಿದೆ. ಪೆಟ್ಟಿಗೆ ಅರ್ಧ ನಿಂತದ್ದಕ್ಕೆ ಬಂದಾಗ ಯಾರೋ ಮೂಲೆಯಲ್ಲಿ ನಕ್ಕು, ಸಾವಿನ ಮನೆ ಎಂದು ಬಾಯಿ ಮುಚ್ಚಿಕೊಂಡರು. ನಾನು ಓಡಿದ್ದಕ್ಕೆ ಬಂದಾಗ ಅವರ ಹೆಂಡತಿಯೇ ತಲೆಯ ವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡು ನಕ್ಕರು. ನಗುತ್ತಲೇ ಅತ್ತರು. ಅತ್ತು ಮುಗಿಸಿ, "ಮತ್ತೆ?" ಎಂದರು.

ಆ ಮನೆಯ ಸೊಸೆ ಬಾಗಿಲಿಗೆ ಬಂದು, ಮೂಲ್ಕಿಯ ಬಸ್ಸಿಗೆ ಹೊತ್ತಾಯಿತು ಎಂದಳು. ನಾನು ಏಳಲು ನೋಡಿದೆ. ಅವರು ಮಣಿಕಟ್ಟು ಬಿಡಲಿಲ್ಲ.

"ಬಸ್ಸು ಇನ್ನೊಂದು ಉಂಟು. ಆ ಅರಬ್ಬಿ ಅಜ್ಜಿ ಇವರನ್ನು ಬೈದಾಗ ಇವರು ಎಂತ ಹೇಳಿದ್ರು, ಅದನ್ನು ಹೇಳಿ."

ನಾನು ಕೂತು, ಸಾಹೇಬರು ಹೇಳಿದ್ದ ಹಾಗೆಯೇ, ಸ್ವಲ್ಪ ಜೋರು ಸ್ವರದಲ್ಲಿ ಹೇಳಿದೆ.